ತುಮಕೂರಲ್ಲಿ ದಿನದ ಓಡಾಟಕ್ಕೆ ಸ್ವಿಫ್ಟ್ ಸಾಕಾ, ಬಲೆನೋ ತಗೊಳ್ಳಬೇಕಾ?

ಓಡಾಟ ಊರೊಳಗೇ ಮುಗಿಯೋದಾದ್ರೆ ಸ್ವಿಫ್ಟ್ ಸಾಕು. ಹಿಂದಿನ ಸೀಟಲ್ಲಿ ಅಪ್ಪ-ಅಮ್ಮನ್ನ ಕೂರಿಸಿಕೊಂಡು ಆಗಾಗ ಬೆಂಗಳೂರಿಗೆ ಹೋಗ್ತೀರಿ ಅಂದ್ರೆ ಬಲೆನೋ ತಗೊಳ್ಳಿ.

ಕಾರಣ ವೀಲ್‌ಬೇಸ್, ಅಂದ್ರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇರುವ ಅಂತರ. ಸ್ವಿಫ್ಟ್‌ನಲ್ಲಿ ಇದು 2450 ಮಿ.ಮೀ., ಬಲೆನೋದಲ್ಲಿ 2520. ಈ 70 ಮಿ.ಮೀ. ಹೆಚ್ಚಿರೋದರಿಂದ ಹಿಂದೆ ಕೂತವರ ಮೊಣಕಾಲಿಗೆ ಜಾಗ ಸಿಗುತ್ತದೆ. ಹೆದ್ದಾರಿಯ ಉಬ್ಬು-ತಗ್ಗಿನಲ್ಲಿ ಗಾಡಿ ಮುಂದಕ್ಕೆ ಹಿಂದಕ್ಕೆ ತೂಗಾಡೋದೂ ಕಡಿಮೆ. ಮಂಡಿಪೇಟೆಯ ಇಕ್ಕಟ್ಟಿನಲ್ಲಿ ಮಾತ್ರ ಇದರಿಂದ ಲಾಭವಿಲ್ಲ. ಅಲ್ಲಿ ಪಾರ್ಕಿಂಗ್‌ಗೆ ಚಿಕ್ಕ ಗಾಡಿಯೇ ಸಲೀಸು.

ಒಂದು ವಿಷಯ ಶೋರೂಮಲ್ಲಿ ಯಾರೂ ಹೇಳೋದಿಲ್ಲ, ದಯವಿಟ್ಟು ಗಮನಿಸಿ. ಬಲೆನೋದ ಮೇಲಿನ (ದುಬಾರಿ) ವೇರಿಯಂಟ್‌ಗಳಿಗೆ 195/55 ಆರ್16 ಟೈರು, ಕೆಳಗಿನವಕ್ಕೆ 185/65 ಆರ್15. ಮೊದಲ ಅಂಕಿ ಟೈರಿನ ಅಗಲ, ಮಿ.ಮೀ. ಲೆಕ್ಕದಲ್ಲಿ; ಮಧ್ಯದ್ದು ಟೈರಿನ ಪಕ್ಕದ ಎತ್ತರ, ಆ ಅಗಲದ ಶೇಕಡಾ ಲೆಕ್ಕದಲ್ಲಿ; ಆರ್ ಮುಂದಿನದು ಒಳಗಿನ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಹಾಗಾಗಿ ಮೊದಲನೆಯದರಲ್ಲಿ ಸುಮಾರು 107 ಮಿ.ಮೀ. ರಬ್ಬರು, ಎರಡನೆಯದರಲ್ಲಿ 120. ಗುಂಡಿಗೆ ಬಿದ್ದಾಗ ಪೆಟ್ಟು ತಿನ್ನೋದು ಆ ರಬ್ಬರು. ಅದು ತೆಳುವಾದಷ್ಟೂ ಅಲಾಯ್ ರಿಮ್ಮು ಬಾಗುವ, ಟೈರು ಉಬ್ಬುವ ಭಯ ಜಾಸ್ತಿ. ಹಳ್ಳಿ ರಸ್ತೆ ದಿನಾ ಇದ್ದರೆ ನಾನಂತೂ 15 ಇಂಚಿನದನ್ನೇ ಆರಿಸುತ್ತೇನೆ.

ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ, ಅಮ್ಮನ್ನ ಹಿಂದೆ ಕೂರಿಸಿ ನೋಡಿ.