ಆ ಅಪಸ್ವರ ವಾದಕರ ತಪ್ಪಲ್ಲ

ಪಾಶ್ಚಾತ್ಯ ಸಂಗೀತ ರಚನಕಾರ ಮೊಜಾರ್ಟ್ ಅವರ ‘ಸಂಗೀತ ವಿನೋದ’ ಎಂಬ ಕೃತಿಯ (ಅವರ ಕೃತಿಗಳ ಪಟ್ಟಿಯಲ್ಲಿ ಕೆ. 522) ಕೊನೆಯಲ್ಲಿ ಎಲ್ಲರೂ ಶ್ರುತಿ ತಪ್ಪುತ್ತಾರೆ, ಧ್ವನಿಮುದ್ರಣವೇ ಕೆಟ್ಟಿದೆಯೇ ಎಂದು ಕೇಳಿದ್ದೀರಿ. ಇಲ್ಲ, 1787ರಲ್ಲಿ ಅವರು ಬರೆದಿಟ್ಟಿದ್ದೇ ಹಾಗೆ. ಹಾರ್ನ್‌ಗಳು (ಊದುವ ಹಿತ್ತಾಳೆ ವಾದ್ಯಗಳು) ಎಫ್ ಮೇಜರ್ ಎಂಬ ಶ್ರುತಿಯಲ್ಲಿ ಗಟ್ಟಿಯಾಗಿ ನಿಂತಿರುವಾಗ ಮೊದಲ ವಯೊಲಿನ್ ಜಿ, ಎರಡನೆಯದು ಎ, ವಯೋಲಾ ಇ ಫ್ಲಾಟ್, ಬಾಸ್ ಬಿ ಫ್ಲಾಟ್ ಎಂದು ಬೇರೆ ಬೇರೆ ಶ್ರುತಿ ಹಿಡಿದು, ಪ್ರತಿಯೊಬ್ಬರೂ ತಾವೇ ಸರಿ ಎಂಬಂತೆ ಮುಗಿಸುತ್ತಾರೆ.

ಈ ಅಣಕಕ್ಕೆ ಗುರಿಯಾದವನು ಅರೆಬೆಂದ ಸಂಗೀತಕಾರ. ಮಿನುಯೆಟ್ ಎಂಬ ನೃತ್ಯಲಯದ ಭಾಗದಲ್ಲಿ ಹಾರ್ನ್‌ಗಳು ಕಿವಿಗೆ ರಾಚುವ ಸ್ವರಗಳನ್ನು ಊದುವಲ್ಲಿ ಮೊಜಾರ್ಟ್ ‘ಮಧುರವಾಗಿ’ ಎಂಬ ಸೂಚನೆ ಕೊಟ್ಟಿದ್ದಾರೆ! ನಿಧಾನಗತಿಯ ಭಾಗದ ಕೊನೆಗೆ ಒಂಟಿ ವಯೊಲಿನ್ ತನ್ನ ಸಾಮರ್ಥ್ಯ ಮೀರಿ ಮೇಲೇರುತ್ತಾ ದಾರಿ ತಪ್ಪುವುದನ್ನು ತಪ್ಪದೆ ಕೇಳಿ. ಇಷ್ಟು ನಿಖರವಾಗಿ ಕೆಟ್ಟದಾಗಿ ಬರೆಯಲು ಮಹಾ ಪಾಂಡಿತ್ಯವೇ ಬೇಕು.

ಆದರೂ ಹಾಸ್ಯದಲ್ಲಿ ನನ್ನ ಮೊದಲ ಮಣೆ ಮೊಜಾರ್ಟ್‌ರ ಸಮಕಾಲೀನ ರಚನಕಾರ ಹೈಡನ್ ಅವರಿಗೆ. 1781ರ ಅವರ ಇ ಫ್ಲಾಟ್ ತಂತಿವಾದ್ಯ ಚತುಷ್ಕದ (ಓಪಸ್ 33, ಸಂಖ್ಯೆ 2) ಕೊನೆಯ ಭಾಗದಲ್ಲಿ ಒಂದೇ ಒಂದು ಅಪಸ್ವರದ ತಮಾಷೆಯಿಲ್ಲ, ಎಲ್ಲವೂ ಮೌನದ ಆಟ. ಕುಣಿಯುವ ರಾಗವನ್ನು ಕೊನೆಯಲ್ಲಿ ತುಂಡು ತುಂಡಾಗಿಸಿ, ನಡುನಡುವೆ ವಿರಾಮ ಇಡುತ್ತಾರೆ. ಮುಗಿಯಿತೆಂದು ಸಭಿಕರು ಚಪ್ಪಾಳೆಗೆ ಕೈಯೆತ್ತುತ್ತಾರೆ. ಆಗ ಇನ್ನೂ ದೀರ್ಘವಾದ ಒಂದು ವಿರಾಮ; ಆಮೇಲೆ ಅತಿ ಮೆಲ್ಲಗೆ ರಾಗದ ಮೊದಲ ತುಣುಕೇ ಮರಳಿ ಬಂದು ಅಲ್ಲಿಗೇ ನಿಲ್ಲುತ್ತದೆ. ಸಾಧ್ಯವಾದರೆ ಇದನ್ನು ನೇರ ಕಛೇರಿಯಲ್ಲೇ ಕೇಳಿ. ಧ್ವನಿಮುದ್ರಣದಲ್ಲಾದರೆ ಉಳಿದ ಸಮಯ ಕಣ್ಣಿಗೆ ಬೀಳದಂತೆ ಪರದೆಯನ್ನು ಮುಚ್ಚಿಡಿ.