ಅಜ್ಜಿಯ ಮುತ್ತಜ್ಜಿ 1860ರಲ್ಲಿ ಎಲ್ಲಿದ್ದರು?

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಕಾಗದ ಬಂದು ಮೂರು ವಾರವಾಯಿತು. ಅವತ್ತೇ ಎರಡು ಸಾಲು ಗೀಚಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ನೀವು ಬೈದಿರುವ ರೀತಿಗೆ ಎರಡು ಸಾಲು ಸಾಲದು ಅನ್ನಿಸಿತು.

ಉಳಿದ ಓದುಗರಿಗೆ ವಿಷಯ ಹೇಳಿಬಿಡುತ್ತೇನೆ. ಇವರು ಶಿವಮೊಗ್ಗ ಕಡೆಯ ನಿವೃತ್ತ ಮೇಷ್ಟ್ರು. ಈಗ ಅಮೆರಿಕದ ಕ್ಯಾನ್ಸಸ್ ರಾಜ್ಯದ ಹೇಸ್ ಎಂಬ ಊರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಹಿಂದಿನ ಸಂಚಿಕೆಯಲ್ಲಿ ನಾನು "ಅಮೆರಿಕದವರಿಗೆ ತಾತನ ಹೆಸರೇ ನೆಟ್ಟಗೆ ಗೊತ್ತಿರುವುದಿಲ್ಲ, ನಮಗಾದರೆ ಏಳು ತಲೆಮಾರು ಬಾಯಲ್ಲೇ ಇರುತ್ತದೆ" ಎಂದು ಬರೆದಿದ್ದೆ. ಮೇಷ್ಟ್ರಿಗೆ ಸಿಟ್ಟು ಬಂದಿದೆ. ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಕಪ್ಪು ಅಜ್ಜಿ ಇದ್ದಾರಂತೆ, ಅವರ ಊಟದ ಮೇಜಿನ ಮೇಲೆ ಮೂರು ದಪ್ಪ ಫೈಲುಗಳಿವೆಯಂತೆ. ಅವರ ಮನೆತನದ ಮೂಲ ಗ್ರಹಾಂ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ನಿಕೋಡೆಮಸ್ ಎಂಬ ಹಳ್ಳಿ, ಹೇಸ್‌ನಿಂದ ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಅಜ್ಜಿ ತನ್ನ ಮುತ್ತಜ್ಜಿಯವರೆಗೆ ಕಾಗದ ಹುಡುಕಿದ್ದಾರೆ, ಆದರೆ 1870ಕ್ಕೆ ಬಂದು ದಾರಿ ನಿಂತುಹೋಗಿದೆ. "ಹತ್ತು ವರ್ಷಕ್ಕೊಮ್ಮೆ ಜನ ಎಣಿಸುವ ದೇಶದಲ್ಲಿ, 1870ಕ್ಕೆ ಹದಿನೆಂಟು ವರ್ಷದ ಹೆಣ್ಣುಮಗಳು 1860ರಲ್ಲಿ ಕಾಣುವುದೇ ಇಲ್ಲವಲ್ಲ, ಹೇಗೆ ಸಾರ್?" ಇದು ಮೇಷ್ಟ್ರ ಪ್ರಶ್ನೆ.

ಮೊದಲು ತಪ್ಪೊಪ್ಪಿಗೆ. ನಿಮ್ಮ ಕಾಗದ ಓದಿದ ರಾತ್ರಿ ನಾನೇ ಒಂದು ಹಾಳೆ ತೆಗೆದುಕೊಂಡು ಕೂತೆ. ಅಪ್ಪ, ತಾತ, ಮುತ್ತಾತ, ಅಲ್ಲಿಂದಾಚೆ ಇನ್ನೊಬ್ಬರು. ನಾಲ್ಕಕ್ಕೆ ನಿಂತಿತು. ಏಳು ಅಂತ ಬರೆದವನು ನಾನು! ಇನ್ನು ಹೆಂಗಸರ ಕಡೆ ನೋಡಿದರೆ ಅಪ್ಪನ ಅಜ್ಜಿಯ ಹೆಸರೇ ಗೊತ್ತಿಲ್ಲ. ಮನೆಯಲ್ಲಿ ಎಲ್ಲರೂ ಅವರನ್ನು "ದೊಡ್ಡಮ್ಮ" ಅನ್ನುತ್ತಿದ್ದರು, ಅಷ್ಟೇ. ಆ ಸಂಪಾದಕೀಯದ ಸಾಲನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಈಗ ಅಜ್ಜಿಯ ವಿಷಯ. 1860ರಲ್ಲಿ ಅವರ ಮುತ್ತಜ್ಜಿಯನ್ನು ಎಣಿಸಿದ್ದಾರೆ. ಹೆಸರು ಬರೆದಿಲ್ಲ, ಅಷ್ಟೇ. 1850ರಲ್ಲೂ 1860ರಲ್ಲೂ ಅಮೆರಿಕದ ಜನಗಣತಿಯಲ್ಲಿ ಎರಡು ಬೇರೆ ಬೇರೆ ಪಟ್ಟಿ ಇದ್ದವು. ಸ್ವತಂತ್ರರಾಗಿದ್ದವರಿಗೆ ಒಂದು, ಅದರಲ್ಲಿ ಮನೆಯ ಪ್ರತಿಯೊಬ್ಬರ ಹೆಸರೂ ಇರುತ್ತಿತ್ತು. ಗುಲಾಮರಿಗೆ ಇನ್ನೊಂದು. ಅದರಲ್ಲಿ ಹೆಸರಿನ ಜಾಗದಲ್ಲಿ ಒಡೆಯನ ಹೆಸರು, ಅದರ ಕೆಳಗೆ ಒಬ್ಬೊಬ್ಬರಿಗೆ ಒಂದೊಂದು ಸಾಲು: ವಯಸ್ಸು, ಗಂಡೋ ಹೆಣ್ಣೋ, ಬಣ್ಣ. 30, ಹೆಣ್ಣು, ಕಪ್ಪು. 8, ಹೆಣ್ಣು, ಕಪ್ಪು. ಓಡಿಹೋಗಿದ್ದಾರಾ ಅಂತ ಒಂದು ಕಾಲಂ, ಕುರುಡ ಕಿವುಡ ಅಂತ ಇನ್ನೊಂದು. ನಮ್ಮ ಕಡೆ ದನದ ಸಂತೆಯಲ್ಲಿ ರಸೀದಿ ಬರೆಯುತ್ತಾರಲ್ಲ, ಹಾಗೆ. ಅಮೆರಿಕದ ಅಂತರ್ಯುದ್ಧ ಮುಗಿದು 1865ರಲ್ಲಿ ಗುಲಾಮಗಿರಿ ಹೋಯಿತು, ಗುಲಾಮರಾಗಿದ್ದವರೆಲ್ಲ ಹೆಸರಿನ ಸಮೇತ ಜನಗಣತಿಗೆ ಬಂದದ್ದು 1870ರಲ್ಲಿ. ಅದಕ್ಕೇ ಕಪ್ಪು ಜನರ ಮನೆತನ ಹುಡುಕುವವರು ಅದನ್ನು "1870ರ ಗೋಡೆ" ಅನ್ನುತ್ತಾರೆ.

ಆದರೆ ಗೋಡೆಗೆ ಹೋಗುವ ಮೊದಲು ಈಚೆಯಿಂದ ಶುರುಮಾಡೋಣ, ಏಕೆಂದರೆ ಅಜ್ಜಿಯ ಫೈಲಿನಲ್ಲಿ ಈಗಾಗಲೇ ಇರುವ ಕಾಗದದಲ್ಲೇ ಇನ್ನೂ ಓದದ ಸಂಗತಿ ಇದೆ ಅಂತ ನನಗೆ ಅನ್ನಿಸುತ್ತದೆ.

ನಿಕೋಡೆಮಸ್ ಹುಟ್ಟಿದ್ದು 1877ರಲ್ಲಿ. ಕೆಂಟಕಿ ರಾಜ್ಯದ ಸ್ಕಾಟ್ ಕೌಂಟಿ, ಲೆಕ್ಸಿಂಗ್ಟನ್ ಸುತ್ತಮುತ್ತಲ ಕಪ್ಪು ಕುಟುಂಬಗಳಿಗೆ, ಪಶ್ಚಿಮದಲ್ಲಿ ನಿಮ್ಮದೇ ಊರು ಕಟ್ಟಿಕೊಳ್ಳಿ ಎಂದು ಕರಪತ್ರ ಹಂಚಿ ಕರೆದರು. ಕರೆದವರು ಡಬ್ಲ್ಯು. ಆರ್. ಹಿಲ್ ಎಂಬ ಬಿಳಿಯ ಜಮೀನು ವ್ಯಾಪಾರಿ, ಡಬ್ಲ್ಯು. ಎಚ್. ಸ್ಮಿತ್ ಎಂಬ ಕಪ್ಪು ಪಾದ್ರಿ ಮತ್ತು ಅವರ ಜೊತೆಯವರು. ಆ ಸೆಪ್ಟೆಂಬರ್‌ನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ರೈಲಿನಲ್ಲಿ ಎಲ್ಲಿಸ್ ಎಂಬ ಊರಿಗೆ ಬಂದಿಳಿದು, ಅಲ್ಲಿಂದ ಬಯಲಿನಲ್ಲಿ ಹೊರಟರು. ಬಂದು ನೋಡಿದರೆ ಮರವಿಲ್ಲ, ಮನೆಯಿಲ್ಲ. ನೆಲ ಅಗೆದು ಮೇಲೆ ಹುಲ್ಲಿನ ಹೆಂಟೆ ಮುಚ್ಚಿದ ಗುಂಡಿಗಳೇ ಮನೆ. ಮುಂದಿನ ವಸಂತದಲ್ಲಿ ಬಂದ ವಿಲಿಯಾನಾ ಹಿಕ್‌ಮನ್ ಎಂಬ ಹೆಂಗಸು ಊರೆಲ್ಲಿ ಅಂತ ಕೇಳಿದ್ದಕ್ಕೆ, ಗಂಡಸರು ನೆಲದೊಳಗಿಂದ ಏಳುತ್ತಿದ್ದ ಹೊಗೆ ತೋರಿಸಿದರಂತೆ, ಆಕೆ ಅಲ್ಲೇ ಅತ್ತುಬಿಟ್ಟರಂತೆ. ಕೆಲವರು ಹಾಗೇ ವಾಪಸ್ ಹೊರಟರು. ಉಳಿದವರನ್ನು ಆ ಮೊದಲ ಚಳಿಗಾಲದಲ್ಲಿ ಕಾಪಾಡಿದ್ದು, ಬೇಟೆ ಮುಗಿಸಿ ಆ ದಾರಿಯಲ್ಲಿ ಬಂದ ಓಸೇಜ್ ಮೂಲನಿವಾಸಿಗಳು ಕೊಟ್ಟ ಮಾಂಸ ಅಂತ ಹೇಳುತ್ತಾರೆ.

ಅಜ್ಜಿಯ ಹತ್ತಿರ 1880ರ ಜನಗಣತಿಯ ಹಾಳೆ ಇದೆ ಅಂದಿರಿ, ಅದರ ನಕಲನ್ನೂ ಕಳಿಸಿದ್ದೀರಿ. ಅದನ್ನು ನಿಧಾನವಾಗಿ ಓದಿ ಮೇಷ್ಟ್ರೇ. ಮುತ್ತಜ್ಜಿಗೆ 28, ದೊಡ್ಡ ಮಗನಿಗೆ 9, ಹುಟ್ಟಿದ್ದು ಕೆಂಟಕಿ. ಚಿಕ್ಕ ಮಗುವಿಗೆ 1, ಹುಟ್ಟಿದ್ದು ಕ್ಯಾನ್ಸಸ್. ಊರು ಬಿಟ್ಟು ಬಂದ ತಾರೀಖು ಎಲ್ಲೂ ಬರೆದಿಲ್ಲ, ಆದರೆ ಮಕ್ಕಳ ವಯಸ್ಸಿನ ನಡುವೆ ಅದು ಕೂತಿದೆ. ವಲಸೆಯ ದಾರಿ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಗುರುತು ಇಲ್ಲ. ಇನ್ನೊಂದು ನೋಡಿ: 9 ಮತ್ತು 1. ನಡುವೆ ಎಂಟು ವರ್ಷ ಒಂದೂ ಮಗುವಿಲ್ಲ. ಆ ಕಾಲದಲ್ಲಿ ಇದು ಸ್ವಲ್ಪ ವಿಚಿತ್ರ, ಅಲ್ವಾ? 1878ರಲ್ಲಿ ಬಂದ ಗುಂಪಿನವರಿಗೆ ಎಲ್ಲಿಸ್‌ನಲ್ಲಿ ದಡಾರ ಬಂದು ಹಲವು ಮಕ್ಕಳು ತೀರಿಕೊಂಡರು. 1873ರಲ್ಲಿ ಹುಟ್ಟಿ 1878ರಲ್ಲಿ ಸತ್ತ ಮಗು ಯಾವ ಜನಗಣತಿಗೂ ಸಿಗುವುದಿಲ್ಲ. ಇಡೀ ಕ್ಯಾನ್ಸಸ್ ರಾಜ್ಯದಲ್ಲಿ ಹುಟ್ಟು ಸಾವು ನೋಂದಾಯಿಸುವ ಪದ್ಧತಿ ಬಂದದ್ದೇ 1911ರಲ್ಲಿ. ಈ ಮನೆಯಲ್ಲಿ ಹಾಗೇ ಆಯಿತು ಅಂತ ನಾನು ಹೇಳುತ್ತಿಲ್ಲ. ಅಜ್ಜಿಯನ್ನು ಕೇಳಿ. ಇಂಥ ಮಾತು ಕಾಗದದಲ್ಲಿ ಇರದಿದ್ದರೂ ಅಡುಗೆಮನೆಯಲ್ಲಿ ಇರುತ್ತದೆ.

1880 ಆದಮೇಲೆ ಅಜ್ಜಿ ನೇರ 1900ಕ್ಕೆ ಹಾರಿದ್ದಾರೆ, ಅದು ಅವರ ತಪ್ಪಲ್ಲ. 1890ರ ಜನಗಣತಿಯ ಹಾಳೆಗಳಿಗೆ 1921ರ ಜನವರಿಯಲ್ಲಿ ವಾಷಿಂಗ್ಟನ್‌ನ ಕಟ್ಟಡವೊಂದರಲ್ಲಿ ಬೆಂಕಿ ಬಿತ್ತು. ಕೊನೆಗೆ ಹೆಚ್ಚುಕಡಿಮೆ ಎಲ್ಲವೂ ಹೋಯಿತು. ಆದರೆ ಕ್ಯಾನ್ಸಸ್‌ನವರು ಪುಣ್ಯವಂತರು. ಅವರ ರಾಜ್ಯ ಸರ್ಕಾರ ನಡುನಡುವೆ ತನ್ನದೇ ಗಣತಿ ಮಾಡುತ್ತಿತ್ತು, 1885ರಲ್ಲಿ ಒಂದು, 1895ರಲ್ಲಿ ಒಂದು. ಅದರಲ್ಲಿ ಹುಟ್ಟಿದ ಜಾಗ ಬೇರೆ, "ಕ್ಯಾನ್ಸಸ್‌ಗೆ ಎಲ್ಲಿಂದ ಬಂದಿರಿ" ಅನ್ನುವ ಕಾಲಂ ಬೇರೆ. ಕೆಂಟಕಿಯಲ್ಲಿ ಹುಟ್ಟಿ, ಮಿಸೌರಿಯಲ್ಲಿ ನಾಲ್ಕು ವರ್ಷ ಇದ್ದು ಬಂದವರು ಅಲ್ಲಿ ಸಿಕ್ಕಿಬೀಳುತ್ತಾರೆ. ಮೊದಲು ಇದನ್ನು ತರಿಸಿ.

ಎರಡನೆಯದು ಜಮೀನಿನ ಕಡತ. 1862ರ ಹೋಮ್‌ಸ್ಟೆಡ್ ಕಾನೂನಿನ ಪ್ರಕಾರ 160 ಎಕರೆ ಸರ್ಕಾರಿ ಜಮೀನು ಸಿಗುತ್ತಿತ್ತು, ಐದು ವರ್ಷ ಅಲ್ಲೇ ಇದ್ದು ಉಳುಮೆ ಮಾಡಬೇಕು. ಐದು ವರ್ಷ ಆದಮೇಲೆ ಇಬ್ಬರು ನೆರೆಯವರನ್ನು ಕರೆತಂದು ಸಾಕ್ಷಿ ಹೇಳಿಸಬೇಕು. ಮನೆ ಎಷ್ಟು ಅಡಿ, ಎಷ್ಟು ಎಕರೆ ಉತ್ತಿದ್ದಾರೆ, ಬಾವಿ ಇದೆಯೇ, ಹೆಂಡತಿ ಮಕ್ಕಳು ಎಷ್ಟು ಜನ, ಎಲ್ಲ ಅದರಲ್ಲಿ ಇರುತ್ತದೆ. ಮುತ್ತಾತ ಜಮೀನು ಮಾಡಿಸಿಕೊಂಡಿದ್ದರೆ ಆ ಕಡತ ವಾಷಿಂಗ್ಟನ್‌ನ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಸಿಗುತ್ತದೆ. ಸಾಕ್ಷಿ ಹೇಳಿದವರ ಹೆಸರನ್ನು ಬಿಡಬೇಡಿ. ಕೆಂಟಕಿಯಿಂದ ಜೊತೆಗೆ ಬಂದ ನೆಂಟರೇ ಸಾಮಾನ್ಯವಾಗಿ ಸಾಕ್ಷಿಗೆ ನಿಲ್ಲುತ್ತಿದ್ದರು. ನಮ್ಮಲ್ಲೂ ಅಷ್ಟೇ ತಾನೇ, ಪತ್ರಕ್ಕೆ ಸಾಕ್ಷಿ ಹಾಕುವವನು ಭಾವಮೈದುನನೇ.

ಈಗ ಗೋಡೆ. 1870ರ ಹಾಳೆಯಲ್ಲಿ, ಸ್ಕಾಟ್ ಕೌಂಟಿಯಲ್ಲಿ, ಹದಿನೆಂಟರ ಆ ಹುಡುಗಿ ಒಂದು ಮನೆಯಲ್ಲಿದ್ದಾಳೆ, ಜೊತೆಗೆ 40 ವರ್ಷದ ಹೆಂಗಸು, ಬೇರೆ ಅಡ್ಡಹೆಸರು. "ಅಡ್ಡಹೆಸರು ಬೇರೆ, ಹಾಗಾಗಿ ತಾಯಿ ಅಲ್ಲ" ಅಂತ ಅಜ್ಜಿ ಬಿಟ್ಟಿದ್ದಾರೆ. ಅಲ್ಲೇ ಎಡವಿದ್ದು ಅನ್ನಿಸುತ್ತದೆ. 1870ರಲ್ಲಿ ಯಾರಿಗೆ ಯಾರು ಏನಾಗಬೇಕು ಅಂತ ಬರೆಯುತ್ತಿರಲಿಲ್ಲ, ಆ ಕಾಲಂ ಬಂದದ್ದು 1880ರಲ್ಲಿ. ಇನ್ನು ಅಡ್ಡಹೆಸರಿನ ಮಾತು ಕೇಳಲೇಬೇಡಿ. ಬಿಡುಗಡೆಯಾದವರೆಲ್ಲ ಕೊನೆಯ ಒಡೆಯನ ಹೆಸರೇ ಇಟ್ಟುಕೊಂಡರು ಅನ್ನುವುದು ಸುಮ್ನೆ ಮಾತು. ಕೆಲವರು ಹಳೆಯ ಒಡೆಯನದು, ಕೆಲವರು ಬೇರೆ ತೋಟಕ್ಕೆ ಮಾರಿಹೋದ ಅಪ್ಪನದು, ಕೆಲವರು ತಮಗೆ ಇಷ್ಟ ಬಂದದ್ದು. ಅಣ್ಣತಮ್ಮಂದಿರಿಗೇ ಬೇರೆ ಬೇರೆ. ನಮಗೆ ಇದು ಅರ್ಥವಾಗದ ವಿಷಯವೇನಲ್ಲ. ನನ್ನ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗದಲ್ಲಿ ಊರಿನ ಹೆಸರಿದೆ, ತಮ್ಮನದರಲ್ಲಿ ಅಪ್ಪನ ಹೆಸರು. ನೂರು ವರ್ಷ ಆದಮೇಲೆ ಯಾರಾದರೂ ನಮ್ಮಿಬ್ಬರನ್ನು ಹುಡುಕಿದರೆ ಸಂಬಂಧವೇ ಇಲ್ಲ ಅನ್ನುತ್ತಾರೆ.

ಹಾಗಾಗಿ ಆ ನಲವತ್ತರ ಹೆಂಗಸನ್ನು ಬಿಡಬೇಡಿ. ಇಬ್ಬರ ವಯಸ್ಸಿನಿಂದಲೂ ಹತ್ತು ಕಳೆಯಿರಿ: 30 ಮತ್ತು 8. 1860ರ ಸ್ಕಾಟ್ ಕೌಂಟಿಯ ಆ ಹೆಸರಿಲ್ಲದ ಪಟ್ಟಿಯಲ್ಲಿ 30ರ ಹೆಣ್ಣು, 8ರ ಹೆಣ್ಣು ಒಟ್ಟಿಗೆ ಯಾವ ಒಡೆಯನ ಕೆಳಗಿದ್ದಾರೆ ನೋಡಿ. ವಯಸ್ಸು ಎರಡು ಮೂರು ವರ್ಷ ಆಚೀಚೆ ಆಗಬಹುದು, ಬರೆದವನು ಅಂದಾಜಿಗೆ ಬರೆದಿರುತ್ತಾನೆ. ಆರೇಳು ಒಡೆಯರು ಹೊಂದಬಹುದು. 1870ರಲ್ಲಿ ಈ ಹುಡುಗಿಯ ಮನೆಯ ಅಕ್ಕಪಕ್ಕದ ಪುಟಗಳಲ್ಲಿ ಅವರಲ್ಲಿ ಯಾರ ಜಮೀನು ಇತ್ತು? ಬಿಡುಗಡೆಯಾದ ಹೊಸತರಲ್ಲಿ ಜನ ಜಾಸ್ತಿ ದೂರ ಹೋಗಿರುವುದಿಲ್ಲ. ಇದರಿಂದ ಏನೂ ಸಾಬೀತಾಗುವುದಿಲ್ಲ, ಹುಡುಕುವ ಜಾಗ ಸಣ್ಣದಾಗುತ್ತದೆ ಅಷ್ಟೇ. ಸಾಬೀತು ಬೇಕಾದರೆ ಆ ಒಡೆಯರ ಕಾಗದಕ್ಕೆ ಹೋಗಬೇಕು.

ಇದು ಹೇಳುವುದಕ್ಕೇ ಬೇಜಾರಾಗುವ ಮಾತು. ಸರ್ಕಾರಕ್ಕೆ ಬೇಡವಾಗಿದ್ದ ಹೆಸರು ಒಡೆಯನಿಗೆ ಬೇಕಿತ್ತು, ಏಕೆಂದರೆ ಅದಕ್ಕೆ ಬೆಲೆ ಇತ್ತು. ಒಡೆಯ ಸತ್ತಾಗ ಆಸ್ತಿ ಪಾಲು ಮಾಡಲು ಪಟ್ಟಿ ಮಾಡುತ್ತಿದ್ದರು. ಕುದುರೆ, ಮಂಚ, ಗಡಿಯಾರ, ಮಧ್ಯದಲ್ಲಿ ಒಬ್ಬ ಹುಡುಗಿಯ ಹೆಸರು, ಎದುರಿಗೆ ಡಾಲರ್. ಉಯಿಲು, ಪಾಲುಪಟ್ಟಿ, ಮಾರಾಟದ ಪತ್ರ, ಸಾಲಕ್ಕೆ ಒತ್ತೆ ಇಟ್ಟ ಪತ್ರ, ಇವೆಲ್ಲ ಕೌಂಟಿ ಆಫೀಸಿನ ರಿಜಿಸ್ಟರುಗಳಲ್ಲಿವೆ. ಸ್ಕಾಟ್ ಕೌಂಟಿಗೆ ಅದು ಜಾರ್ಜ್‌ಟೌನ್ ಊರು. ಹುಡುಕುವುದು ಮುತ್ತಜ್ಜಿಯ ಹೆಸರಿನಲ್ಲಲ್ಲ, ಒಡೆಯನ ಹೆಸರಿನಲ್ಲಿ. ಅಜ್ಜಿಗೆ ಇದನ್ನು ಹೇಗೆ ಹೇಳುತ್ತೀರೋ ನನಗೆ ಗೊತ್ತಾಗುತ್ತಿಲ್ಲ, ನಿಧಾನಕ್ಕೆ ಹೇಳಿ.

ಗೋಡೆಯಲ್ಲಿ ಇನ್ನೂ ಒಂದೆರಡು ಕಿಂಡಿಗಳಿವೆ. ಆ ಅಂತರ್ಯುದ್ಧ ಮುಗಿದಮೇಲೆ ಬಿಡುಗಡೆಯಾದವರಿಗಾಗಿ ಫ್ರೀಡ್‌ಮನ್ಸ್ ಬ್ಯಾಂಕ್ ಅಂತ ಒಂದು ಉಳಿತಾಯ ಬ್ಯಾಂಕು ತೆರೆದರು, ಲೆಕ್ಸಿಂಗ್ಟನ್‌ನಲ್ಲೂ ಶಾಖೆ ಇತ್ತು. ಖಾತೆ ತೆರೆಯುವಾಗ ಅಪ್ಪ ಅಮ್ಮ ಯಾರು, ಒಡಹುಟ್ಟಿದವರು ಎಲ್ಲಿ, ಹಳೆಯ ಒಡೆಯ ಯಾರು ಅಂತ ಕೇಳಿ ಬರೆದುಕೊಳ್ಳುತ್ತಿದ್ದರು, ಗುರುತು ಹಿಡಿಯಲಿಕ್ಕೆ. 1874ರಲ್ಲಿ ಬ್ಯಾಂಕು ಮುಳುಗಿತು, ಬಡವರ ದುಡ್ಡು ಹೋಯಿತು. ಉಳಿದದ್ದು ಆ ರಿಜಿಸ್ಟರು. ಮುತ್ತಜ್ಜಿಯ ಅಪ್ಪನೋ ಅಣ್ಣನೋ ಯುದ್ಧದಲ್ಲಿ ಸಿಪಾಯಿ ಆಗಿದ್ದರೆ ಪಿಂಚಣಿ ಕಡತವನ್ನೂ ನೋಡಿ. ಕೆಂಟಕಿಯ ಕ್ಯಾಂಪ್ ನೆಲ್ಸನ್‌ನಲ್ಲಿ ಸಾವಿರಾರು ಕಪ್ಪು ಸಿಪಾಯಿಗಳು ಸೇನೆಗೆ ಸೇರಿದ್ದರು. ಗುಲಾಮರ ಮದುವೆಗೆ ಕಾನೂನಿನ ಕಾಗದ ಇರಲಿಲ್ಲವಲ್ಲ, ಹಾಗಾಗಿ ವಿಧವೆ ಪಿಂಚಣಿ ಕೇಳಿದರೆ ಮದುವೆಗೆ ಬಂದಿದ್ದವರು, ಹೆರಿಗೆ ಮಾಡಿಸಿದವರು ಎಲ್ಲ ಸಾಕ್ಷಿ ಹೇಳಬೇಕಿತ್ತು. ಕೆಲವು ಕಡತಗಳು ಕಾದಂಬರಿಯಷ್ಟು ದಪ್ಪ.

ಎಂಜಲು ಕೊಟ್ಟು ಡಿಎನ್‌ಎ ಪರೀಕ್ಷೆ ಮಾಡಿಸಲೇ ಅಂತ ಅಜ್ಜಿ ಕೇಳಿದರಂತೆ. ಮಾಡಿಸಲಿ. ದೂರದ ದಾಯಾದಿಗಳು ಸಿಗುತ್ತಾರೆ, ಅವರ ಹತ್ತಿರ ಇನ್ನೊಂದು ಫೈಲು ಇರಬಹುದು. ಆದರೆ ಎಂಜಲು ಹೆಸರು ಹೇಳುವುದಿಲ್ಲ.

ನೀವು ಕೊನೆಯಲ್ಲಿ ಹೆಳವರ ವಿಷಯ ಬರೆದಿದ್ದೀರಿ, ನಮ್ಮಲ್ಲಿ ಎತ್ತಿನ ಮೇಲೆ ಬಂದು ಮನೆತನದ ಹೆಸರು ಓದಿ ಕಾಳು ಪಡೆದು ಹೋಗುವವರು ಇದ್ದರಲ್ಲ, ಅಲ್ಲಿ ಅಂಥವರು ಯಾರೂ ಇಲ್ಲವೇ ಅಂತ. ನಿಕೋಡೆಮಸ್‌ನಲ್ಲಿ ಒಂಥರಾ ಊರೇ ಆ ಕೆಲಸ ಮಾಡುತ್ತದೆ. 1888ರಲ್ಲಿ ರೈಲು ಆ ಊರನ್ನು ಬಿಟ್ಟು ನದಿಯ ಆಚೆ ದಡದಲ್ಲಿ ಹೋಯಿತು. ಅಂಗಡಿಯವರೆಲ್ಲ ಅಂಗಡಿ ಸಮೇತ ಆ ಕಡೆ ಬೋಗ್ ಎಂಬ ಊರಿಗೆ ಹೋದರು. ಈಗ ನಿಕೋಡೆಮಸ್‌ನಲ್ಲಿ ಇರುವವರು ಬೆರಳೆಣಿಕೆಯಷ್ಟು ಜನ, 1996ರಿಂದ ಅದು ರಾಷ್ಟ್ರೀಯ ಐತಿಹಾಸಿಕ ಸ್ಥಳ. ಆದರೆ ಪ್ರತಿ ವರ್ಷ ಜುಲೈ ಕೊನೆಯ ಶನಿವಾರ ಭಾನುವಾರದ ಹೊತ್ತಿಗೆ ದೇಶದ ಎಲ್ಲ ಮೂಲೆಯಿಂದ ಆ ಮನೆತನಗಳವರು ಬಂದು ಸೇರುತ್ತಾರೆ, ಊರ ಜಾತ್ರೆಗೆ ಬಂದ ಹಾಗೆ. ನಿಮ್ಮ ವೀಸಾ ಸೆಪ್ಟೆಂಬರ್‌ವರೆಗೆ ಇದೆಯಲ್ಲ. ಅಜ್ಜಿಯ ಜೊತೆ ಹೋಗಿಬನ್ನಿ, ಫೈಲು ಮರೆಯಬೇಡಿ. ಹಳೆಯ ಫೋಟೋ ಕಂಡರೆ ಹಿಂದೆ ಪೆನ್ಸಿಲಿನಲ್ಲಿ ಹೆಸರು ಬರೆಸಿ, ಪೆನ್ನು ಬೇಡ, ಶಾಯಿ ಈಚೆಗೆ ಮೂಡುತ್ತದೆ.

ಇನ್ನೊಂದು ವಿಷಯ, ಬೈಸಿಕೊಂಡಿದ್ದಕ್ಕೆ ಪ್ರಾಯಶ್ಚಿತ್ತ ಅಂದುಕೊಳ್ಳಿ. ಅಪ್ಪ ತೀರಿಕೊಂಡಾಗ ಪೌತಿ ಖಾತೆಗೆ ಅಂತ ವಂಶವೃಕ್ಷ ಮಾಡಿಸಿದ್ದೆವು. ನಿಮ್ಮ ಕಾಗದ ಬಂದಮೇಲೆ ಬೀರುವಿನಿಂದ ತೆಗೆದು ನೋಡಿದೆ. ತಾತನಿಗೆ ಮೂರು ಗಂಡುಮಕ್ಕಳು ಅಂತಿದೆ. ಇಬ್ಬರು ಸೋದರತ್ತೆಯರು ಇಲ್ಲವೇ ಇಲ್ಲ. ಅದರಲ್ಲಿ ಒಬ್ಬರು ಇನ್ನೂ ಬದುಕಿದ್ದಾರೆ, ತೀರ್ಥಹಳ್ಳಿಯಲ್ಲಿ, ಪ್ರತಿ ವರ್ಷ ನನಗೆ ಮಿಡಿಮಾವಿನ ಉಪ್ಪಿನಕಾಯಿ ಕಳಿಸುತ್ತಾರೆ. ಆ ವಂಶವೃಕ್ಷದ ಕೆಳಗೆ ಸಾಕ್ಷಿ ಹಾಕಿದವನು ನಾನೇ. ಹೋದ ವಾರ ತಿದ್ದುಪಡಿಗೆ ಅರ್ಜಿ ಕೊಟ್ಟೆ. ಅತ್ತೆಯ ಆಧಾರ್ ಕಾರ್ಡ್ ತಂದುಕೊಡಿ, ನೋಡೋಣ ಅಂದಿದ್ದಾರೆ. ಅತ್ತೆಗೆ ಫೋನು ಮಾಡಿದರೆ, "ಈಗ್ಯಾಕೋ ಅದೆಲ್ಲ, ಪಾಲು ಕೇಳಕ್ಕೆ ಬರ್ತೀನಿ ಅಂತ ಹೆದರಿಕೆನಾ?" ಅಂತ ನಕ್ಕರು.

— ಸಂಪಾದಕ