ಚದುರಿದ ಮನಸ್ಸಿಗೂ ಜಾಗವಿದೆ

ಪ್ರಶ್ನೆ: ಅಕ್ಕ, 3 ತಿಂಗಳಿಂದ ಬೆಳಿಗ್ಗೆ ಐದೂವರೆಗೆ ಎದ್ದು 20 ನಿಮಿಷ ಉಸಿರು ನೋಡುತ್ತಾ ಕೂರುತ್ತೇನೆ. ಹತ್ತು ಉಸಿರು ಎಣಿಸುವಷ್ಟರಲ್ಲಿ ಮನಸ್ಸು ಮಗನ ಸ್ಕೂಲ್ ಫೀಸಿಗೋ, ಆಫೀಸಿನ ಜಗಳಕ್ಕೋ ಹೋಗಿರುತ್ತದೆ. ಎದ್ದು ಅರ್ಧ ಗಂಟೆಯೂ ಆಗಿರುವುದಿಲ್ಲ, ಮಗ ಟಿಫಿನ್ ಬಾಕ್ಸ್ ಮರೆತ ಅಂತ ಕಿರುಚಿರುತ್ತೇನೆ. ನನ್ನಿಂದ ಆಗದ ಕೆಲಸ ಅನಿಸುತ್ತಿದೆ. ಬಿಟ್ಟುಬಿಡಲಾ?
– ಒಬ್ಬ ಓದುಗಿ, ತುಮಕೂರು

ಉತ್ತರ: ಬಿಡಬೇಡಿ ತಂಗಿ. ಮನಸ್ಸು ಫೀಸಿಗೆ ಹೋಯಿತು, ಆಫೀಸಿಗೆ ಹೋಯಿತು ಎಂದು ಬರೆದಿದ್ದೀರಿ. ನೋಡಿದ್ದಕ್ಕೇ ತಾನೇ ಅದು ಗೊತ್ತಾಗಿದ್ದು?

ಬುದ್ಧ ಕುರು ದೇಶದ ಕಮ್ಮಾಸಧಮ್ಮ ಎಂಬ ಊರಿನಲ್ಲಿ ಭಿಕ್ಷುಗಳಿಗೆ ಹೇಳಿದ ಸತಿಪಟ್ಠಾನ ಸುತ್ತ ಪಾಲಿ ಭಾಷೆಯ ಮಜ್ಝಿಮ ನಿಕಾಯ ಎಂಬ ಸಂಗ್ರಹದಲ್ಲಿದೆ. ಸುತ್ತ ಅಂದರೆ ಉಪದೇಶ. ಸತಿ ಅಂದರೆ ಎಚ್ಚರ. ಉಸಿರು ಉದ್ದವಿದ್ದರೆ ಉದ್ದ ಎಂದು ತಿಳಿಯಿರಿ, ಗಿಡ್ಡವಿದ್ದರೆ ಗಿಡ್ಡ ಎಂದು ತಿಳಿಯಿರಿ ಎನ್ನುತ್ತದೆ ಅದು. ಮುಂದೆ ಮನಸ್ಸಿನ ಮಾತು ಬರುತ್ತದೆ. ಸಿಟ್ಟಿರುವ ಮನಸ್ಸನ್ನು ಸಿಟ್ಟಿರುವ ಮನಸ್ಸು ಎಂದು ತಿಳಿಯಬೇಕು. ಚದುರಿದ ಮನಸ್ಸನ್ನು ಚದುರಿದ ಮನಸ್ಸು ಎಂದು ತಿಳಿಯಬೇಕು. ಈ ಸಾಲು ಓದಿದ ದಿನ ನನಗೆ ಅಳು ಬಂದಿತ್ತು. ಅದಕ್ಕೆ ಮುಂಚೆ ಎರಡು ವರ್ಷ ಮನಸ್ಸನ್ನು ಬೈಯುತ್ತಾ ಕೂತು, ಅದನ್ನೇ ಧ್ಯಾನ ಅಂದುಕೊಂಡಿದ್ದೆ. ನೀವೂ ಎಣಿಕೆ ತಪ್ಪಿದ್ದಕ್ಕೆ ಬೈದುಕೊಳ್ಳುತ್ತಿದ್ದೀರಿ ಅನಿಸುತ್ತದೆ. ಸ್ವಲ್ಪ ದಿನ ಎಣಿಸುವುದನ್ನೇ ಬಿಡಿ. 20 ನಿಮಿಷ ಜಾಸ್ತಿಯಾದರೆ 10 ಸಾಕು.

ಇನ್ನು ಕಿರುಚುವ ವಿಷಯ. ಅದೇ ಸುತ್ತದಲ್ಲಿ ನಡೆಯುವುದು, ಕೈ ಮಡಚುವುದು, ಬಟ್ಟೆ ಹಾಕಿಕೊಳ್ಳುವುದು, ಉಣ್ಣುವುದು, ಕಡೆಗೆ ಮಲಮೂತ್ರಕ್ಕೆ ಹೋಗುವುದನ್ನೂ ಎಚ್ಚರದಿಂದ ಮಾಡಿ ಎಂದಿದೆ. ಅಂದಮೇಲೆ ಟಿಫಿನ್ ಬಾಕ್ಸಿನ ಹೊತ್ತೂ ಅಭ್ಯಾಸದ ಹೊತ್ತೇ ಅಲ್ವಾ?

ನಮ್ಮ ಅತ್ತೆಗೆ ಕೊನೆಯ ವರ್ಷಗಳಲ್ಲಿ ಮರೆವು ಬಂದಿತ್ತು. "ಹಾಲು ಬಂತೇನಮ್ಮಾ?" ಎಂದು ಬೆಳಿಗ್ಗೆಯಿಂದ ಹತ್ತಾರು ಸಲ ಕೇಳುತ್ತಿದ್ದರು. ಐದನೇ ಸಲಕ್ಕೆ ನನ್ನ ಕಿವಿ ಬಿಸಿಯಾಗುತ್ತಿತ್ತು. ಆಮೇಲೆ ದವಡೆ ಬಿಗಿಯುತ್ತಿತ್ತು. ಮಾತು ಒರಟಾಗುತ್ತಿದ್ದದ್ದು ಅದಾದ ಮೇಲೆ. ಬುದ್ಧ ವೇದನೆ ಎಂದಿದ್ದು ಇದರ ಬಗ್ಗೆಯೇ. ಇಲ್ಲಿ ವೇದನೆ ಅಂದರೆ ಬರೀ ನೋವಲ್ಲ, ಯಾವುದೇ ಅನುಭವ ನಮಗೆ ಹೇಗನಿಸುತ್ತದೆ ಅನ್ನುವುದು: ಹಿತ, ಅಹಿತ, ಎರಡೂ ಅಲ್ಲದ್ದು. ಅಹಿತ ಮೊದಲು ಬರುತ್ತದೆ, ಸಿಟ್ಟು ಅದರ ಹಿಂದೆ. ಕಿವಿ ಬಿಸಿಯಾದಾಗಲೇ ಗೊತ್ತಾಗತೊಡಗಿದ ಮೇಲೆ, "ಬಂತತ್ತೆ, ಕಾಯಿಸಿದ್ದೀನಿ" ಎಂದು ಮೆತ್ತಗೆ ಹೇಳಿದ ದಿನಗಳೂ ಇದ್ದವು. ಗದರಿದ ದಿನಗಳೂ ಇದ್ದವು. ಗದರಿದ ದಿನ ಅವರ ಮುಖ ಹೇಗೆ ಸಣ್ಣದಾಗುತ್ತಿತ್ತು ಅನ್ನುವುದು ಇವತ್ತಿಗೂ ನೆನಪಿದೆ.

ಈ ವಾರ ಮಗ ಬಾಕ್ಸ್ ಮರೆತಾಗ ಒಂದೇ ಒಂದು ನೋಡಿ. ಮೊದಲು ಬಿಗಿಯುವುದು ಎಲ್ಲಿ? ಗಂಟಲೋ, ಹೊಟ್ಟೆಯೋ? ಕಿರುಚಿದ ಮೇಲೆ ನೆನಪಾದರೂ ಪರವಾಗಿಲ್ಲ, ಆಗಲೇ ನೋಡಿ. ಆಮೇಲೆ ಮಗನ ಹತ್ತಿರ ಹೋಗಿ "ಸಿಟ್ಟು ಬಂದುಬಿಡ್ತು ಕಣೋ, ಸಾರಿ" ಎಂದು ಹೇಳಿ, ಬಾಕ್ಸ್ ಕೈಗೆ ಕೊಡಿ.